ಕಾಶಿಗೆ ಹೊರಟ ತೊಟ್ಟಿಲು

ಕಾಸಿಮಸಾಬನ ಬಿಳಿ ಕುದುರೆ ಮದುಮಗನ ಹೂವಿನ ಬಾಸಿಂಗವನ್ನು ತಿಂದದ್ದೇ ಇಷ್ಟಕ್ಕೆಲ್ಲ ಮೂಲ. ಪೂರ್ತಿ ತಿಂದಿದ್ದರೂ ಒಂದು ಮಾತಾಗುತ್ತಿತ್ತು. ಅರ್ಧ ತಿಂದು, ರುಚಿ ಹತ್ತಲಿಲ್ಲವೆಂದು ಕಾಣುತ್ತದೆ, ಉಳಿದದ್ದನ್ನು ಮದುಮಗನ ತಾಯಿ ಅಂಬಾಬಾಯಿಯ ಹೊಸ ಪತ್ತಲದ ಮೇಲೆ ಉಗುಳಿತು.

“ಈ ಕುದರಿ ಮ್ಯಾಲ ನನ್ನ ಮಗಾ ಕೂಡೂದಿಲ್ಲ!” ಎಂದು ಅಂಬಾಬಾಯಿ ಅಂಗಳದ ನಡುವೆ ನಿಂತು ಸಾರಿದರು. “ಬಾಸಿಂಗಾ ತಿಂದದ್ದು ವರನ್ನ ಕೆಡವದ ಬಿಡ್ತದೇನು?”

“ಬಾಯಾರ, ಹಸದಿತ್ರಿ ಪಾಪ. ಮುಂಜಾನಿಂದ ಮೇವು ಕಂಡಿಲ್ರಿ ಅದು,” ಎನ್ನುತ್ತ ಕಾಸಿಮಸಾಬ ಕುದುರೆಯ ಬಾಯಿ ಒರೆಸಿದ. ಅಂಬಾಬಾಯಿ ಕೇಳಿಸಿಕೊಳ್ಳಲಿಲ್ಲ.

ಮೂವತ್ತಾರನೆಯ ಇಸವಿಯ ಫಾಲ್ಗುಣ ಮಾಸ. ಧಾರವಾಡದಿಂದ ಬಂದ ಗಂಡಿನ ಕಡೆಯವರು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಂದು ವಾಡೆಯಲ್ಲಿ ಇಳಿದುಕೊಂಡಿದ್ದರು. ಹೆಣ್ಣಿನ ಮನೆ ಊರ ಹೊರಗೆ, ಧಾರವಾಡ ರಸ್ತೆಯ ಬದಿಗೆ, ಒಂದೂವರೆ ಮೈಲು ದೂರದಲ್ಲಿತ್ತು. ಮುಹೂರ್ತ ಹನ್ನೊಂದೂ ಕಾಲಿಗೆ. ಬ್ಯಾಂಡಿನವರು ಆಗಲೇ ತುತ್ತೂರಿಗೆ ಬಾಯಿ ಹಚ್ಚಿಯಾಗಿತ್ತು. ಇನ್ನು ವರನನ್ನು ಕೂಡಿಸುವುದು ಯಾವುದರ ಮೇಲೆ?

ಅಂಬಾಬಾಯಿಯ ಕಣ್ಣು ಅಂಗಳದ ಮೂಲೆಗೆ ಹೋಯಿತು. ಅಲ್ಲಿ ಬಿಂದುಮಾಧವನ ಫಟಫಟಿ, ಅಂದರೆ ಮೋಟರ್ ಸೈಕಲ್ಲು, ನಿಂತಿತ್ತು.

ಬಿಂದುಮಾಧವ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಂಬಾಬಾಯಿಯ ಪಕ್ಕದ ಮನೆಯವನು, ಮದುಮಗ ಯಜ್ಞೇಶ್ವರನ ಚಿಕ್ಕಂದಿನ ಗೆಳೆಯ. ಫಟಫಟಿ ಮೊದಲು ಅವನ ಸೋದರಮಾವನದಾಗಿತ್ತು. ಅದರ ಎಡಬದಿಗೆ ಒಬ್ಬರು ಕೂಡುವಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಪುಟ್ಟ ಬಾಗಿಲು, ಕೆಳಗೊಂದು ಗಾಲಿ. ಓಣಿಯ ಜನ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟಿದ್ದರು. ಅರಣ್ಯ ಇಲಾಖೆಯ ನೌಕರಿ ಮುಗಿಸಿದ ಮಾವ ಗಾಡಿಯನ್ನು ಅಳಿಯನಿಗೆ ಕೊಡುವಾಗ ಒಂದೇ ಒಂದು ಮಾತು ಹೇಳಿದ್ದ: “ನೋಡಪಾ, ಈ ಎಂಜಿನ್ನಿಗೆ ನೀರು ಹಾಕೂದಿಲ್ಲ. ಇದನ್ನ ತಣ್ಣಗ ಮಾಡೂದು ಗಾಳಿ. ಓಡ್ತಿದ್ರ ಛಲೋ ಇರ್ತದ. ತೆವಳಿಸಿದಿ ಅಂದ್ರ ಕೆಂಡ ಆಗ್ತದ.”

“ನಮ್ಮ ಯಜ್ಞೂ ತೊಟ್ಟಿಲದಾಗ ಬರ್ತಾನ!” ಎಂದರು ಅಂಬಾಬಾಯಿ.

ಬಿಂದುಮಾಧವ ಗಾಡಿಗೆ ಅಡ್ಡ ನಿಂತ. “ಕಾಕೂ, ಮೆರವಣಿಗಿ ಅಂದ್ರ ನಡಕೋತ ಹೋಗೂದು. ಇದು ಓಡೋ ಗಾಡಿ. ನಡಸಿದ್ರ ಕಾಯ್ತದ.”

“ಕಾಯ್ಲಿ ಬಿಡೋ. ಬ್ಯಾಸಗಿ ಅದ, ನಾವೆಲ್ಲಾರೂ ಕಾದ ಕೂತೇವಿ.”

ಅವನು ಗಟ್ಟಿಯಾಗಿ ಒಲ್ಲೆ ಎನ್ನಬಹುದಿತ್ತು. ಅನ್ನದಿರಲು ಕಾರಣವಿತ್ತು. ಮದುಮಗಳು ಇಂದುವಿಗೆ ಸುಹಾಸಿನಿ ಎಂಬ ತಂಗಿ. ಅವಳು ಧಾರವಾಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಗ ಸರಕಾರಿ ಡ್ರಾಯಿಂಗ್ ಪರೀಕ್ಷೆಗೆಂದು ಬಿಂದುಮಾಧವನ ಹತ್ತಿರ ನಾಲ್ಕು ತಿಂಗಳು ಪಾಠ ಹೇಳಿಸಿಕೊಂಡಿದ್ದಳು. ಅವಳು ಬರೆದ ಹೂಜಿಯ ಚಿತ್ರವೊಂದನ್ನು ತಿದ್ದಿಕೊಡುತ್ತೇನೆಂದು ಇಸಿದುಕೊಂಡವನು ಇನ್ನೂ ಅದನ್ನು ಟ್ರಂಕಿನಲ್ಲಿಯೇ ಇಟ್ಟುಕೊಂಡಿದ್ದ. ಅವಳ ತಂದೆ ಏಕನಾಥರಾಯರು ಮೂವತ್ತು ವರ್ಷ ಸರಕಾರಿ ಚಾಕರಿ ಮಾಡಿ ಮಾಮಲೇದಾರರಾಗಿ ನಿವೃತ್ತರಾದವರು. ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ಇವತ್ತು ಅವರ ಕಣ್ಣಿಗೆ ಒಳ್ಳೆಯವನಾಗಿ ಬೀಳಬೇಕು, ಮದುವೆ ಮುಗಿದ ಮೇಲೆ ಅಂಬಾಬಾಯಿಯ ಬಾಯಿಂದ ಸುಹಾಸಿನಿಯ ಮಾತು ಎತ್ತಿಸಬೇಕು ಎಂಬ ಒಂದೇ ಆಸೆಯಿಂದ ಬಿಂದುಮಾಧವ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ಅಂಬಾಬಾಯಿಯನ್ನೇ ಎದುರು ಹಾಕಿಕೊಂಡರೆ ಆ ಮಾತು ಎತ್ತುವವರು ಯಾರು?

“ಆತು ಕಾಕೂ,” ಎಂದ.

ಯಜ್ಞೇಶ್ವರನನ್ನು ತೊಟ್ಟಿಲಲ್ಲಿ ಕೂಡಿಸಿದರು. ಉಳಿದರ್ಧ ಬಾಸಿಂಗವನ್ನು ಹಣೆಗೆ ಕಟ್ಟಿದರು. ಕೈಗೆ ಕೊಡೆ, ಕೋಲು ಕೊಟ್ಟರು. ಅದು ಕಾಶೀಯಾತ್ರೆಯ ಸಲುವಾಗಿ. ವರನಾದವನು ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆಂದು ಹೊರಟಂತೆ ಮಾಡಬೇಕು. ಹೆಣ್ಣಿನ ತಂದೆ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ಅಡ್ಡಗಟ್ಟಿ, ಹೋಗಬೇಡಪ್ಪಾ, ನನ್ನ ಮಗಳನ್ನು ಕೊಡುತ್ತೇನೆ ಎಂದು ತಿರುಗಿಸಿಕೊಂಡು ಬರಬೇಕು. ಎರಡು ನಿಮಿಷದ ಶಾಸ್ತ್ರ. ಯಜ್ಞೇಶ್ವರನಿಗಂತೂ ಕಾಶಿಯ ಗೊಡವೆ ಎಳ್ಳಷ್ಟೂ ಇರಲಿಲ್ಲ. ಇಂದುವನ್ನು ನೋಡಿ ಬಂದ ದಿನದಿಂದ ಅವನು ಕ್ಯಾಲೆಂಡರಿನ ಮುಂದೆಯೇ ಕೂತಿದ್ದ.

ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ನಡುವೆ ಫಟಫಟಿ, ಹಿಂದೆ ಹೆಂಗಸರು, ಎಲ್ಲರ ಹಿಂದೆ ಕಾಸಿಮಸಾಬ ಮತ್ತು ಅವನ ಬರಿದಾದ ಕುದುರೆ. ಬ್ಯಾಂಡಿನವರು ನಾಲ್ಕು ಹೆಜ್ಜೆ ಹಾಕಿ ನಿಂತು ಒಂದು ಪದ ಬಾರಿಸುವರು, ಮತ್ತೆ ನಾಲ್ಕು ಹೆಜ್ಜೆ. ದುರ್ಗದ ಬೈಲು ದಾಟುವುದರೊಳಗೆ ಎದುರಿನಿಂದ ಹತ್ತಿಯ ಸುಗ್ಗಿ ಬಂತು. ಅರಳೆ ಹೇರಿದ ಚಕ್ಕಡಿಗಳು ರಸ್ತೆಯ ತುಂಬ. ಇತ್ತ ಟಾಂಗಾಗಳು, ಅತ್ತ ಕಾಯಿಪಲ್ಲೆಯ ಬುಟ್ಟಿಗಳು. ನಾಲ್ಕು ಹೆಜ್ಜೆ ಹೋಗಿ ಎರಡೇ ಆಯಿತು.

ಬಿಂದುಮಾಧವನ ಬಲಗಾಲಿಗೆ ಮೊದಲು ಬೆಚ್ಚಗೆನಿಸಿತು. ಆಮೇಲೆ ಬಿಸಿ. ಆಮೇಲೆ ಧೋತರದ ಅಂಚಿನಿಂದ ಕರಕಲು ವಾಸನೆ ಬಂತು. ಎಂಜಿನ್ನಿನ ಸದ್ದು ಬದಲಾಗಿ, ಕೆಮ್ಮಿನ ಮುದುಕನ ಹಾಗೆ ಗೊಗ್ಗರಾಯಿತು. ಸುಟ್ಟ ಎಣ್ಣೆಯ ನೀಲಿ ಹೊಗೆ ಎದ್ದು ನೇರವಾಗಿ ತೊಟ್ಟಿಲೊಳಗೆ ಹೋಗತೊಡಗಿತು.

“ಬಿಂದ್ಯಾ, ಕಣ್ಣ ಉರೀಲಿಕ್ಕತ್ತಾವೋ,” ಎಂದ ಯಜ್ಞೇಶ್ವರ.

“ಹೋಮದ ಹೊಗಿ ಅನ್ಕೋ, ಸುಮ್ಮನ ಕೂಡು.”

ಪಕ್ಕದಲ್ಲಿ ಸಿಕ್ಕಿಕೊಂಡಿದ್ದ ಚಕ್ಕಡಿಯ ಮಡಿವಾಳಪ್ಪ ಎಂಬ ರೈತ ಇದನ್ನು ನೋಡಿ ಎದ್ದು ನಿಂತ. “ಯಪ್ಪಾ, ನಿಮ್ಮ ಗಾಡಿ ಸುಡಾಕತ್ತೈತ್ರಿ! ನನ್ನ ಚಕ್ಕಡ್ಯಾಗ ಅರಳಿ ಐತಿ. ಒಂದ ಕಿಡಿ ಬಿತ್ತಂದ್ರ ನಾನೂ ಇಲ್ಲ, ನೀವೂ ಇಲ್ಲ!” ಎನ್ನುತ್ತ ಎತ್ತಿಗಿಟ್ಟಿದ್ದ ನೀರಿನ ಕೊಡವನ್ನೇ ಎತ್ತಿದ.

“ಬ್ಯಾಡ ಮಾರಾಯಾ! ಕಾದ ಕಬ್ಬಿಣಾ ಸೀಳ್ತದ!”

“ಹಂಗಾರ ಬಂದ್ ಮಾಡ್ರಿ!”

ಬಿಂದುಮಾಧವ ಬಂದ್ ಮಾಡಲು ಕೈ ಹಾಕುವುದರೊಳಗೆ ಅಂಬಾಬಾಯಿ ಹಿಂದಿನಿಂದ ಓಡಿ ಬಂದರು. “ಬಂದ್ ಮಾಡಿ ಏನ್ ಮಾಡ್ತೀ? ನನ್ನ ಮಗನ್ನ ತಳಕೊಂಡು ಹೋಗ್ತೀಯೇನು? ಮಂದಿ ತಳ್ಳೂದು, ಹೊರೂದು ಯಾವಾಗ ಅಂತ ಗೊತ್ತಿಲ್ಲೇನೋ ನಿನಗ? ಅಪಶಕುನದವನ!”

ಮಡಿವಾಳಪ್ಪ ಕೊಡ ಇಳಿಸಲಿಲ್ಲ. ಸುತ್ತಲಿನ ಚಕ್ಕಡಿಯವರೆಲ್ಲ ಕೂಗತೊಡಗಿದರು. ಬಿಂದುಮಾಧವನಿಗೆ ಮಾವನ ಮಾತು ನೆನಪಾಯಿತು. ಗಾಳಿ ಬೇಕು. ಎಡಕ್ಕೊಂದು ಸಂದಿ ಧಾರವಾಡ ರಸ್ತೆಗೆ ಕೂಡುತ್ತಿತ್ತು.

“ಯಜ್ಞ್ಯಾ, ಗಟ್ಟಿ ಹಿಡಕೋ. ಒಂದ ಸ್ವಲ್ಪ ಗಾಳಿ ಕುಡಿಸಿಕೊಂಡು ಬಂದಬಿಡೋಣು.”

ತೊಟ್ಟಿಲು ಸಂದಿಯೊಳಗೆ ನುಗ್ಗಿ ಮಾಯವಾಯಿತು. ವರನಿಲ್ಲದ ಮೆರವಣಿಗೆಯ ಮುಂದೆ ಬ್ಯಾಂಡಿನವರು ಏನೂ ತಿಳಿಯದೆ ಬಾರಿಸುತ್ತಲೇ ಇದ್ದರು.

ಧಾರವಾಡ ರಸ್ತೆ ಬಯಲಾಗಿತ್ತು. ಗಾಡಿ ಓಡಿದಂತೆ ಎಂಜಿನ್ನಿನ ಕೆಮ್ಮು ನಿಂತಿತು, ಬಿಂದುಮಾಧವನ ಜೀವ ತಂಪಾಯಿತು. ಆದರೆ ಗಾಳಿಯ ಆತುರದಲ್ಲಿ ಒಂದು ಸಂಗತಿ ಅವನಿಗೆ ಮರೆತುಹೋಗಿತ್ತು. ಹೆಣ್ಣಿನ ಮನೆ ಇದ್ದದ್ದು ಇದೇ ರಸ್ತೆಯ ಮೇಲೆ.

ಹಂದರದ ಮುಂದೆ ಏಕನಾಥರಾಯರು ತೆಂಗಿನಕಾಯಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದ ಸುಹಾಸಿನಿ. ದೂರದಿಂದ ಸದ್ದು ಕೇಳಿ ಆಚಾರ್ಯರು “ಬಂದ್ರು, ಬಂದ್ರು” ಎಂದರು. ರಾಯರು ಎರಡು ಹೆಜ್ಜೆ ಮುಂದೆ ಬಂದರು. ಗಾಳಿಗೆ ಬಿಚ್ಚಿಕೊಂಡ ಕೊಡೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ ವರ ಅವರ ಮೂಗಿನ ಮುಂದಿನಿಂದ ಹಾದುಹೋದ.

“ಅಯ್ಯ! ವರಾ ಖರೇನ ಕಾಶಿಗೆ ಹೊಂಟನಲ್ಲ!” ಎಂದು ಯಾರೋ ಕೂಗಿದರು.

ಬಿಂದುಮಾಧವ ಅರ್ಧ ಮೈಲು ಹೋಗಿ ತಿರುಗಿದ. ಮೆರವಣಿಗೆ ಬಿಟ್ಟು ವರನನ್ನು ಒಬ್ಬನನ್ನೇ ಬಾಗಿಲಿಗೆ ಇಳಿಸಿದರೆ ಅಂಬಾಬಾಯಿ ಜೀವ ಇಡುವುದಿಲ್ಲ. ಮರಳಿ ಹೋಗಿ ಬ್ಯಾಂಡಿನ ಹಿಂದೆ ಸೇರಲೇಬೇಕು. ಹೀಗಾಗಿ ಅವನು ಹಂದರದ ಮುಂದಿನಿಂದ ಎರಡನೆಯ ಸಲ, ಈ ಬಾರಿ ಊರ ಕಡೆಗೆ, ಹಾದುಹೋದ. ಮಾವನಾಗಲಿದ್ದ ರಾಯರನ್ನು ಕಂಡ ಯಜ್ಞೇಶ್ವರ ನಮಸ್ಕಾರ ಮಾಡಲೆಂದು ತೊಟ್ಟಿಲಲ್ಲಿ ಎದ್ದು ನಿಂತ. ಬಿದ್ದಾನೆಂಬ ಗಾಬರಿಯಿಂದ ಬಿಂದುಮಾಧವ ಒಂದು ಕೈ ಬಿಟ್ಟು ಅವನ ಹೆಗಲು ಹಿಡಿದು ಕುಕ್ಕಿ ಕೂಡಿಸಿದ. ಹಾಗೆ ಮಾಡುತ್ತಲೇ ಸುಹಾಸಿನಿಯ ಕಣ್ಣಿಗೆ ಕಣ್ಣು ಕೂಡಿತು. ಅವಳ ತುಟಿ ನಗು ತಡೆಯಲು ಒದ್ದಾಡುತ್ತಿತ್ತು. ಬಿಂದುಮಾಧವನಿಗೆ ಆ ಕ್ಷಣಕ್ಕೆ ಎಂಜಿನ್ನಿಗಿಂತ ತನ್ನ ಮುಖವೇ ಹೆಚ್ಚು ಕಾದಿದೆ ಎನಿಸಿತು.

ಮೆರವಣಿಗೆ ಸೇರಿ ಇನ್ನೂರು ಮಾರು ತೆವಳುವುದರೊಳಗೆ ಮತ್ತೆ ಅದೇ ಕೆಮ್ಮು, ಅದೇ ಹೊಗೆ. ಮತ್ತೆ ಸಂದಿ, ಮತ್ತೆ ಧಾರವಾಡ ರಸ್ತೆ. ಈ ಸಲ ತೊಟ್ಟಿಲ ತಗಡೂ ಕಾದು ಯಜ್ಞೇಶ್ವರನ ಪಾದ ಸುಡುತ್ತಿತ್ತು. “ನಿಲ್ಲಸೋ! ಇಳಸೋ ನನ್ನ! ನಾ ಒಲ್ಲೆ!” ಎಂದು ಅವನು ಒದರಿದ್ದು ಸರಿಯಾಗಿ ಹಂದರದ ಮುಂದೆ. ಏಕನಾಥರಾಯರ ಕೈಯಿಂದ ತೆಂಗಿನಕಾಯಿ ಜಾರಿ ಬಿತ್ತು.

ಬಿಂದುಮಾಧವ ನಾಚಿಕೆಯಿಂದ ಆಚೀಚೆ ನೋಡದೆ ಓಡಿಸಿದ. ಎಲ್ಲಿ ತಿರುಗಬೇಕೆಂಬುದೂ ಹೊಳೆಯದೆ ಉಣಕಲ್ ಕೆರೆಯ ತನಕ ಹೋಗಿಬಿಟ್ಟ. ಕೆರೆಯ ದಂಡೆಯಲ್ಲಿ ಎಂಜಿನ್ನು ಒಮ್ಮೆ ಕಿರ್ರೆಂದು ಕಿರುಚಿ ನಿಂತಿತು. ಮತ್ತೆ ಕದಲಲಿಲ್ಲ. ಒಳಗೆ ಕಾದ ಕಬ್ಬಿಣ ಕಾದ ಕಬ್ಬಿಣವನ್ನು ಕಚ್ಚಿ ಹಿಡಿದಿತ್ತು.

ನೀರಿನಲ್ಲಿ ನಿಂತ ಎಮ್ಮೆಗಳು ತಲೆ ಎತ್ತಿ ವರನನ್ನು ನೋಡಿದವು.

“ಮುಹೂರ್ತಕ್ಕ ಇನ್ನ ಎಷ್ಟ ಹೊತ್ತದ?” ಎಂದ ಯಜ್ಞೇಶ್ವರ ಅಳುವ ದನಿಯಲ್ಲಿ.

“ಒಂದು ತಾಸು.”

“ಬಿಂದ್ಯಾ, ನಿನ್ನ ಲಗ್ನದಾಗ ನಾನೂ ಹಿಂಗ ಮಾಡ್ತೇನಿ ನೋಡು!”

ಬಿಂದುಮಾಧವ ಕಾದ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ತನಗೆ ಲಗ್ನವಾಗುವ ಯೋಗ ಆ ಕೆರೆಯ ದಂಡೆಯಲ್ಲೇ ಮುಗಿಯಿತೆಂದು ಅವನಿಗೆ ಅನಿಸಿಬಿಟ್ಟಿತ್ತು.

ಕಾಲು ತಾಸಿನ ಮೇಲೆ ರಸ್ತೆಯಲ್ಲಿ ಗೊರಸಿನ ಸಪ್ಪಳ ಕೇಳಿತು. ಕಾಸಿಮಸಾಬ! “ಬಾಯಾರ ಕಳಿಸ್ಯಾರ್ರಿ. ಕುದರಿ ಹೆಂಗರ ಇರವಲ್ದಾಕ, ಮಗನ್ನ ಹುಡಿಕಿ ತಾ ಅಂದ್ರು,” ಎಂದು ಅವನು ಹಲ್ಲು ಕಿರಿದ. ಯಜ್ಞೇಶ್ವರನನ್ನು ಕುದುರೆ ಏರಿಸೋಣವೆಂದರೆ ಅವನು ಸುಟ್ಟ ಪಾದಕ್ಕೆ ಕಾಲಿಡುವ ರಿಕಾಪು ತಾಗಗೊಡಲಿಲ್ಲ. ಕೊನೆಗೆ ಫಟಫಟಿಯ ಮೂತಿಗೆ ಹಗ್ಗ ಕಟ್ಟಿ ಕುದುರೆಯಿಂದ ಎಳೆಸುವುದೆಂದಾಯಿತು. ತೊಟ್ಟಿಲ ಬಾಗಿಲಿನ ಚಿಲಕ ಓಟದಲ್ಲಿ ಮುರಿದಿತ್ತು. ವರ ಉರುಳದಿರಲೆಂದು ಅವನ ಜರೀ ಶಲ್ಯವನ್ನೇ ತೊಟ್ಟಿಲ ಸುತ್ತ ಬಿಗಿದರು.

ಮುಹೂರ್ತಕ್ಕೆ ಹತ್ತು ನಿಮಿಷವಿರುವಾಗ ಅವರು ಹಂದರಕ್ಕೆ ಬಂದರು. ಮುಂದೆ ಬಾಸಿಂಗ ತಿಂದ ಕುದುರೆ, ಅದರ ಹಿಂದೆ ಶಲ್ಯದಲ್ಲಿ ಬಿಗಿದ ವರ, ಪಕ್ಕದಲ್ಲಿ ಹ್ಯಾಂಡಲು ಹಿಡಿದು ನಡೆಯುತ್ತಿದ್ದ ಬಿಂದುಮಾಧವ. ಇಸ್ತ್ರಿ ಹಾಕಿದ ಕೋಟಿನ ಮೇಲೆ ಎಣ್ಣೆ, ಧೋತರದ ಅಂಚಿನಲ್ಲಿ ಅಂಗೈಯಗಲ ತೂತು. ಅಷ್ಟರಲ್ಲಿ ಬಂದು ಸೇರಿದ್ದ ಬ್ಯಾಂಡಿನವರು ಒಮ್ಮೆಲೇ ಬಾರಿಸಿದರು. ಹೆಂಗಸರು ಸೆರಗಿನಲ್ಲಿ ನಕ್ಕರು, ಗಂಡಸರು ಸೆರಗಿಲ್ಲದ್ದರಿಂದ ಹಾಗೇ ನಕ್ಕರು. ಏಕನಾಥರಾಯರು ಮಾತ್ರ ನಗಲಿಲ್ಲ. ಹೊಸ ತೆಂಗಿನಕಾಯಿ ತರಿಸಿ ಶಾಸ್ತ್ರದ ಮಾತನ್ನು ಒಂದು ಸಲಕ್ಕೆ ಮೂರು ಸಲ ಹೇಳಿ, ವರನ ಮುಂಗೈ ಹಿಡಿದವರು ಮಂಟಪದ ಮಣೆಯ ತನಕ ಬಿಡಲಿಲ್ಲ.

ಮದುವೆಯಾಯಿತು. ಅಕ್ಷತೆ ಹಾಕಲು ಕೂಡ ಬಿಂದುಮಾಧವ ಮುಂದೆ ಬರಲಿಲ್ಲ. ಹಿತ್ತಲಿನಲ್ಲಿ, ಅಡಿಗೆಯವರ ಕಟ್ಟಿಗೆಯ ಒಟ್ಟಿಲ ಹಿಂದೆ ಹೋಗಿ ಕೂತ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಲು ಅವನ ತಕರಾರು ಇರಲಿಲ್ಲ. ಇಂ‌ಥ ಹೊತ್ತಿನಲ್ಲಿ ಸುಹಾಸಿನಿ ಬಂದಳು.

“ಮಾಸ್ತರ್ರ, ಊಟಕ್ಕ ಏಳ್ರಿ. ಅಪ್ಪಾ ನಿಮ್ಮನ್ನ ಹುಡುಕ್ಲಿಕ್ಕತ್ತಾರ.”

“ಬಯ್ಯಲಿಕ್ಕೇನು?”

“ಏನೋ. ಮುಖಾ ನೋಡಿದ್ರ ಗೊತ್ತಾಗೂದಿಲ್ಲ ಅವರದು.” ಅವಳು ಅವನ ಕಪ್ಪಾದ ಕೈ ನೋಡಿದಳು. “ಎಂಜಿನ್ ಕಾದಿತ್ತು, ಹೌದಲ್ರಿ? ಸುಟ್ಟ ವಾಸನಿ ನಮ್ಮ ಕಟ್ಟೀ ತನಕಾ ಬಂದಿತ್ತು.”

ಬಿಂದುಮಾಧವ ತಲೆ ಬಗ್ಗಿಸಿಯೇ ಹೂಂ ಎಂದ.

“ಹಂಗಂತ ಅಪ್ಪಾನ ಮುಂದ ಹೇಳಿಬಿಡ್ರಿ. ಬಹಳಾದ್ರ ನಗ್ತಾರ. ಖರೇ ಹೇಳೋರು ಅಂದ್ರ ಅವರಿಗೆ ಭಾಳ ಸೇರ್ತದ.” ಹೊರಟವಳು ತಿರುಗಿ ನಿಂತಳು. “ನನ್ನ ಹೂಜಿ ತಿದ್ದಿದ್ರೇನು?”

“ಇನ್ನೂ... ಸ್ವಲ್ಪ ಅದ.”

“ಎಂಟು ತಿಂಗಳಾತು,” ಎಂದು ನಕ್ಕು ಒಳಗೆ ಹೋದಳು.

ಬಿಂದುಮಾಧವ ಎದ್ದು ಕೈಕಾಲು ತೊಳೆದ. ಖರೇ ಹೇಳಿಬಿಡುವುದೆಂದು ನಿಶ್ಚಯ ಮಾಡಿದ. ಅವನ ಪರವಾಗಿ ಇಷ್ಟನ್ನು ಹೇಳಲೇಬೇಕು: ಪಂಕ್ತಿಗೆ ಬಂದು ಕೂಡುವ ತನಕ ಆ ನಿಶ್ಚಯ ಗಟ್ಟಿಯಾಗಿಯೇ ಇತ್ತು.

ಏಕನಾಥರಾಯರು ಅವನನ್ನು ಕೈಹಿಡಿದು ಕರೆತಂದು, ಬೀಗರನ್ನೆಲ್ಲ ಬಿಟ್ಟು, ತಮ್ಮ ಮಗ್ಗುಲ ಮಣೆಯ ಮೇಲೆ ಕೂಡಿಸಿಕೊಂಡರು. ಕಿವಿಯ ಹತ್ತಿರ ಬಾಗಿ, “ಮಾಸ್ತರ್ರ, ನನಗ ಎಲ್ಲಾ ತಿಳೀತು,” ಎಂದರು.

“ರಾಯರ, ಅದು ಎಂಜಿನ್—”

“ಮುಚ್ಚಿಡಬ್ಯಾಡ್ರಿ. ಮೂವತ್ತು ವರ್ಷ ಫರಾರಿ ಆಸಾಮಿಗಳನ್ನ ನೋಡೇನಿ ನಾನು. ಆ ಹುಡಗಾ ಓಡಿ ಹೊಂಟಿದ್ದ. ಗೆಳ್ಯಾನ ಒತ್ತಾಯಕ್ಕ ನೀವು ಗಾಡಿ ಬಿಟ್ರಿ, ಕರ್ತವ್ಯ ನೆನಪಾಗಿ ತಿರಗಿಸಿದ್ರಿ. ಜಿಗೀಲಿಕ್ಕೆ ನೋಡಿದ, ಹೆಗಲು ಹಿಡದು ಕೂಡಿಸಿದ್ರಿ. ‘ಇಳಸು, ಒಲ್ಲೆ’ ಅಂತ ಒದರಿದ, ನೀವು ಇಳಸಲಿಲ್ಲ. ಕಡೀಕೆ ಶಲ್ಯಾದಲೆ ಕಟ್ಟಿ ಎಳಕೊಂಡ ಬಂದ್ರಿ! ನನ್ನ ಮಗಳ ಮಾನಾ ಉಳಿಸಿದ್ರಿ.”

ಬಿಂದುಮಾಧವ ಬಾಯಿ ತೆರೆದ. ಇಂಥ ತಪ್ಪು ತಿಳಿವಳಿಕೆಯನ್ನು ತಿದ್ದಲು ನಾಲ್ಕು ಮಾತು ಸಾಕಾಗಿತ್ತು. ಎರಡು ಎಲೆಯಾಚೆ ಸುಹಾಸಿನಿ ತುಪ್ಪ ಬಡಿಸುತ್ತ ಬರುತ್ತಿದ್ದಳು. ಅವಳ ಕಿವಿ ಇತ್ತಲೇ ಇತ್ತು.

“ನಿಮ್ಮಂಥಾ ಮನಶ್ಯಾ ನಮ್ಮ ಮನಿತನಕ್ಕ ಬೇಕು,” ಎಂದರು ರಾಯರು.

ಬೆಳಗಿನಿಂದ ಊರನ್ನೆಲ್ಲ ನಗಿಸಿದವನಿಗೆ ಆ ಒಂದು ಮಾತು ಎಷ್ಟು ತಂಪಾಗಿ ತಾಗಿತೆಂದರೆ, ತೆರೆದ ಬಾಯಿಂದ ಬೇರೆಯದೇ ಹೊರಬಂತು. “ಏನೋ ರಾಯರ... ನನ್ನ ಕೈಲಾದದ್ದು ಮಾಡಿದೆ,” ಎಂದುಬಿಟ್ಟ.

ಅಂದ ಕೂಡಲೇ ಅವನಿಗೆ ನಾಚಿಕೆಯಾಯಿತು. ಬೆಳಗಿನ ನಾಚಿಕೆಯೆಲ್ಲ ಮಂದಿಯ ಮುಂದಿನದು. ಇದು ಒಳಗಿನದು. ಸುಹಾಸಿನಿ ಅವನ ಎಲೆಯ ಮುಂದೆ ಒಂದು ಗಳಿಗೆ ನಿಂತಳು. ಚಮಚೆ ಪಾತ್ರೆಯಲ್ಲೇ ಉಳಿಯಿತು. ಅವಳು ಮುಂದಿನ ಎಲೆಗೆ ಹೋದಳು.

“ಅದಕ್ಕ ನಿಮ್ಮ ಮ್ಯಾಲ ಒಂದು ಜವಾಬ್ದಾರಿ ಹಾಕಬೇಕಂತೇನಿ,” ಎಂದರು ರಾಯರು. “ನಮ್ಮ ಸುಹಾಸಿನೀದು.”

ಬಿಂದುಮಾಧವ ಮಣೆಯ ಮೇಲೆ ನೆಟ್ಟಗೆ ಕೂತ. “ಹೇಳ್ರಿ ರಾಯರ!”

“ಬೆಳಗಾಂವದಾಗ ಒಂದು ವರಾ ಅದ. ಮನಿತನಾ ಛಲೋ, ಹಿರ್‍ಯಾರೆಲ್ಲಾ ಒಪ್ಪ್ಯಾರ. ಹುಡಗಾ ಒಬ್ಬನ ಈಗ ಲಗ್ನಾ ಒಲ್ಲೆ ಅಂತಾನಂತ. ಇಂಥವನ್ನ ಮಂಟಪಕ್ಕ ತರೋರು ಯಾರು ಅಂತ ನಾ ಇನ್ನೂ ಹೂಂ ಅಂದಿದ್ದಿಲ್ಲ. ಇವತ್ತ ನಿಮ್ಮನ್ನ ನೋಡಿದ ಮ್ಯಾಲ ಧೈರ್ಯಾ ಬಂತು. ಈ ಲಗ್ನಕ್ಕ ಬಂದ ಅವರ ಕಾಕಾಗ ಈಗ ಹೂಂ ಅಂದು ಬಂದೆ. ವೈಶಾಖದಾಗ ಲಗ್ನ. ಆ ವರನ್ನ ನೀವ ತರಬೇಕು, ನಿಮ್ಮ ತೊಟ್ಟಿಲದಾಗ.”

ಪಂಕ್ತಿಯಲ್ಲಿ ಯಾರೋ ಶ್ಲೋಕ ಹೇಳುತ್ತಿದ್ದರು. ಬಿಂದುಮಾಧವನಿಗೆ ಅದು ಬಹಳ ದೂರದಿಂದ ಕೇಳಿಸಿತು. ಈಗ ಖರೇ ಹೇಳಿದರೆ ಸುಳ್ಳನಾಗುತ್ತಾನೆ. ಹೇಳದಿದ್ದರೆ ಸುಹಾಸಿನಿಯ ವರನನ್ನು ತಾನೇ ಹೊತ್ತು ತರಬೇಕು.

“ರಾಯರ, ಫಟಫಟಿ ಕೆಟ್ಟು ನಿಂತದ. ಎಂಜಿನ್ ಹೋತು,” ಎಂದ, ಅದೊಂದಾದರೂ ಖರೇ ಇತ್ತೆಂದು.

“ಹೋಗ್ಲಿ ಬಿಡ್ರಿ. ಕಾಸಿಮಸಾಬನ ಕುದರಿ ಅದಲ್ಲ? ಅದ ಇನ್ನೂ ಛಲೋ. ಎಂಜಿನ್ ಇದ್ರ ವರಾ ಓಡಿ ಹೋಗೋ ಭೀತಿ ಇರ್ತದ.” ರಾಯರು ಸಮಾಧಾನದಿಂದ ಅನ್ನಕ್ಕೆ ಕೈಹಾಕಿದವರು ಪಕ್ಕದ ಎಲೆ ನೋಡಿ ಹುಬ್ಬು ಗಂಟಿಕ್ಕಿದರು. “ಇದೇನು, ನಿಮಗ ತುಪ್ಪನ ಬಿದ್ದಿಲ್ಲ? ಸುಹಾಸಿನೀ! ಮಾಸ್ತರರಿಗೆ ತುಪ್ಪಾ!”

ಪಂಕ್ತಿಯ ಆ ಕೊನೆಗೆ ಬಡಿಸುತ್ತಿದ್ದ ಸುಹಾಸಿನಿ ತಿರುಗಿ ನೋಡಲಿಲ್ಲ.

“ತೀರ್‍ಯದ ಅಪ್ಪಾ,” ಎಂದು, ಮುಂದಿನ ಎಲೆಗೆ ಎರಡು ಚಮಚೆ ತುಪ್ಪ ಹಾಕಿದಳು.